ಹಳದಿ ಅಂಚಿನ ಸ್ಯಾನ್ಸಿವೇರಿಯಾ: ಎಲೆಯಿಂದ ಬೆಳೆಸಬಾರದೇಕೆ?

ಹಾವಿನ ಮೈಯಂತೆ ಪಟ್ಟೆಗಳುಳ್ಳ, ಕತ್ತಿಯಂತೆ ನೆಟ್ಟಗೆ ನಿಲ್ಲುವ ಎಲೆಗಳ ಸ್ಯಾನ್ಸಿವೇರಿಯಾ ಪಶ್ಚಿಮ ಆಫ್ರಿಕ ಮೂಲದ ಅಲಂಕಾರಿಕ ಸಸ್ಯ. 2017ರಲ್ಲಿ ಸಸ್ಯಶಾಸ್ತ್ರಜ್ಞರು ಇದನ್ನು ಡ್ರಸೀನಾ ಕುಲಕ್ಕೆ ಸೇರಿಸಿದರೂ ಹಳೆಯ ಹೆಸರೇ ರೂಢಿಯಲ್ಲಿದೆ.

ಎಲೆಯ ತುಂಡುಗಳಿಂದ ಸಸ್ಯಾಭಿವೃದ್ಧಿ ಮಾಡುವುದು ಸುಲಭ. ಬಲಿತ ಎಲೆಯನ್ನು ಸುಮಾರು 3 ಅಂಗುಲದ ತುಂಡುಗಳಾಗಿ ಕತ್ತರಿಸಿ, ಗಾಯ ಒಣಗಲು ಒಂದೆರಡು ದಿನ ನೆರಳಿನಲ್ಲಿಡಬೇಕು. ನಂತರ ಮರಳು ಹೆಚ್ಚಾಗಿರುವ ಮಣ್ಣಿನಲ್ಲಿ 1 ಅಂಗುಲ ಆಳಕ್ಕೆ ಊರಬೇಕು. ಬುಡದ ತುದಿಯೇ ಕೆಳಗಿರತಕ್ಕದ್ದು. ತಲೆಕೆಳಗಾಗಿ ಊರಿದ ತುಂಡು ಬೇರು ಬಿಡದು. ಕತ್ತರಿಸುವಾಗಲೇ ಬುಡದ ಕಡೆ ಓರೆಯಾಗಿ ಕೊಯ್ದರೆ ಗುರುತು ತಪ್ಪುವುದಿಲ್ಲ. ಮಣ್ಣು ಒಣಗಿದ ಮೇಲಷ್ಟೇ ನೀರು ಕೊಡಬೇಕು. ಈ ಗಿಡ ಬಾಯಾರಿ ಸಾಯುವುದು ಅಪರೂಪ, ಕೊಳೆತು ಸಾಯುವುದೇ ಹೆಚ್ಚು. ಬೇರು ಬಂದರೂ ಹೊಸ ಮೊಳಕೆ ಕಾಣಲು ಎರಡು ಮೂರು ತಿಂಗಳು ಕಾಯಬೇಕು.

ಆದರೆ ಹಳದಿ ಅಂಚಿನ 'ಲಾರೆಂಟಿ' ತಳಿಯನ್ನು ಮಾರಾಟಕ್ಕೆ ಬೆಳೆಸುವವರು ಈ ಕ್ರಮಕ್ಕೆ ಕೈಹಾಕಬಾರದು. ಅದರಲ್ಲಿ ಎರಡು ಬಗೆಯ ಜೀವಕೋಶಗಳು ಪದರ ಪದರವಾಗಿ ಸೇರಿಕೊಂಡಿವೆ. ಎಲೆಯ ತುಂಡಿನಿಂದ ಹೊಸದಾಗಿ ಹುಟ್ಟುವ ಮೊಳಕೆಯಲ್ಲಿ ಆ ಜೋಡಣೆ ಉಳಿಯದೆ ಬರೀ ಹಸಿರು ಗಿಡ ಬರುತ್ತದೆ. ಗಿರಾಕಿ ಕೇಳುವುದು ಅಂಚನ್ನು! ನೂರು ತುಂಡು ಊರಿ ತಿಂಗಳುಗಟ್ಟಲೆ ಕಾದವನಿಗೆ ಅಗ್ಗದ ಹಸಿರು ಗಿಡಗಳಷ್ಟೇ ದಕ್ಕುತ್ತವೆ.

ಈ ತಳಿಗೆ ಬುಡ ಒಡೆಯುವುದೊಂದೇ ದಾರಿ. ಕುಂಡ ತುಂಬಿದ ಗಿಡವನ್ನು ಹೊರತೆಗೆದು, ಮಣ್ಣಿನೊಳಗಿನ ಗೆಡ್ಡೆಯನ್ನು ಹರಿತವಾದ ಚಾಕುವಿನಿಂದ ತುಂಡರಿಸಬೇಕು. ಪ್ರತಿ ಭಾಗದಲ್ಲೂ ಬೇರು ಮತ್ತು ಎಲೆಗಳಿರಬೇಕು. ಗಾಯ ಒಣಗಿದ ಮೇಲೆ ನೆಟ್ಟು, ಕೆಲವು ದಿನ ಬಿಟ್ಟು ನೀರು ಕೊಡುವುದು ಕ್ಷೇಮ.