ಪ್ರಾಥಮಿಕ ಶಾಲೆಗಳಲ್ಲಿ ಈಜು ಶಿಕ್ಷಣ

ನೀರಿಗಿಳಿಯದೆ ಈಜು ಬಾರದೆಂಬುದು ಹಿರಿಯರ ಮಾತು. ಆದರೆ ಕಲಿಸುವವರಿಲ್ಲದೆ ನೀರಿಗಿಳಿದ ಮಕ್ಕಳು ಎಷ್ಟೋ ವೇಳೆ ಮರಳಿ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು 30 ವರ್ಷದೊಳಗಿನವರು. 6 ವರ್ಷ ತುಂಬಿದ ಮಕ್ಕಳಿಗೆ ಈಜನ್ನೂ ಜಲಸುರಕ್ಷತೆಯನ್ನೂ ಕಲಿಸಬೇಕೆಂದು ಆ ಸಂಸ್ಥೆಯೇ ಸಲಹೆ ಮಾಡಿದೆ.

ಈಜುಕೊಳವಿಲ್ಲದ ಊರಿನಲ್ಲಿ ಕಲಿಸುವುದೆಂತು? ಬಾಂಗ್ಲಾದೇಶದಲ್ಲಿ ಊರ ಕೊಳದೊಳಗೇ ಬಿದಿರಿನ ಅಟ್ಟಣೆ ಕಟ್ಟಿ, ಆಳವನ್ನು ಮಿತಗೊಳಿಸಿ ಮಕ್ಕಳಿಗೆ ಈಜು ಕಲಿಸಿದ್ದಾರೆ. ನಮ್ಮ ಹಳ್ಳಿಗಳಲ್ಲಿಯೂ ಬೆನ್ನಿಗೆ ಬೆಂಡು ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ಬಾವಿಯಲ್ಲಿ ಕಲಿಸುತ್ತಿದ್ದ ವಾಡಿಕೆಯುಂಟು.

ಪಾಠಕ್ಕೆ ಕ್ರಮವಿರಬೇಕು. ಮೊದಲು ನೀರಿನೊಳಗೆ ಉಸಿರು ಬಿಡುವುದು, ಬಳಿಕ ಅಂಗಾತ ತೇಲುವುದು, ಆಮೇಲೆ ಕಾಲು ಬಡಿಯುವುದು, ಕೊನೆಗೆ ಕೈ ಬೀಸುವುದು. ತೇಲಬಲ್ಲ ಮಗುವಿಗೆ ನೆರವು ಬರುವವರೆಗೆ ಕಾಲಾವಕಾಶ ದೊರೆಯುತ್ತದೆ.

ಇನ್ನೊಂದು ಪಾಠ ಇದಕ್ಕಿಂತಲೂ ಅಗತ್ಯವಾದುದು. ಗೆಳೆಯನು ಮುಳುಗುತ್ತಿರುವುದನ್ನು ಕಂಡರೆ ಮಗು ನೀರಿಗೆ ಹಾರಬಾರದು. ಗಾಬರಿಗೊಂಡವನು ರಕ್ಷಿಸಬಂದವನನ್ನೂ ಒಳಗೆಳೆಯುತ್ತಾನೆ. ದಡದಲ್ಲಿ ಬೋರಲು ಮಲಗಿ ಕೋಲನ್ನೋ ಪಂಚೆಯನ್ನೋ ಚಾಚಬೇಕು. ಬಾಯಿ ಮುಚ್ಚಿದ ಖಾಲಿ ಕ್ಯಾನನ್ನು ಎಸೆಯಬೇಕು. ಕೂಗಿ ಹಿರಿಯರನ್ನು ಕರೆಯಬೇಕು. ಇದಕ್ಕೆ ಕೊಳ ಬೇಡ, ಶಾಲೆಯ ಅಂಗಳವೇ ಸಾಕು. ಉಪಾಧ್ಯಾಯರಾಗಬಯಸುವ ನಮ್ಮ ಮಿತ್ರರು ಈ ಪಾಠದಿಂದಲೇ ಆರಂಭಿಸಬಹುದು.