ಅಡಿಕೆ ಸುಲಿತ, ಸೊಂಟನೋವು ಮತ್ತು ಕೈರೋಪ್ರಾಕ್ಟಿಕ್



ಕೊಳೆರೋಗಕ್ಕೆ ಯಾವ ದ್ರಾವಣ, ಬೇರುಹುಳಕ್ಕೆ ಯಾವ ಔಷಧಿ ಎಂಬ ವಿಚಾರಗಳನ್ನು ನಾವೆಲ್ಲ ಆಸಕ್ತಿಯಿಂದ ಓದುತ್ತೇವೆ. ಮರದ ಮೇಲಿರುವ ಈ ಕಾಳಜಿ ಆ ಮರದ ಫಸಲನ್ನು ಸುಲಿದು ಕೊಡುವವರ ಬೆನ್ನಿನ ಮೇಲೆ ನಮಗಿಲ್ಲವೆಂದೇ ಹೇಳಬೇಕು. ಕೊಯ್ಲಿನ ದಿನಗಳಲ್ಲಿ ಮಲೆನಾಡಿನ ಯಾವ ಅಂಗಳಕ್ಕೆ ಹೋದರೂ ಕೇಳುವ ಮಾತು ಎರಡೇ. ಒಂದು ಧಾರಣೆಯದು, ಇನ್ನೊಂದು ಸೊಂಟದ್ದು. ಈಚೆಗೆ ಪೇಟೆಗಳಲ್ಲಿ ಕೈರೋಪ್ರಾಕ್ಟಿಕ್ ಎಂಬ ಹೆಸರಿನ ಚಿಕಿತ್ಸೆ ದೊರೆಯುತ್ತಿರುವುದರಿಂದ, ಅದಕ್ಕೆ ಹೋಗಬಹುದೇ ಎಂದು ಕೆಲವರು ನನ್ನನ್ನು ಕೇಳಿದ್ದುಂಟು. ನಾನು ವೈದ್ಯನಲ್ಲ, ಬೆಳೆಗಾರ. ಸೊಂಟ ಹಿಡಿದು ಮೂರು ವಾರ ಮಲಗಿದ್ದವನು. ಆ ಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೆಟ್ಟುಕತ್ತಿಯ ಮುಂದೆ ಕುಳಿತವರನ್ನು ಒಂದು ಗಳಿಗೆ ಗಮನಿಸಿ ನೋಡಿ. ಒಂದು ಕಾಲು ಮಡಚಿದೆ, ಇನ್ನೊಂದು ಕಾಲು ಮಣೆಯನ್ನು ಅದುಮಿ ಹಿಡಿದಿದೆ. ಕತ್ತಿ ತಗ್ಗಿನಲ್ಲಿರುವುದರಿಂದ ಬೆನ್ನು ಬಿಲ್ಲಿನಂತೆ ಬಾಗಿ, ತಲೆ ಮುಂದಕ್ಕೆ ಜೋತಿದೆ. ಸುಲಿಯಬೇಕಾದ ರಾಶಿ ಒಂದು ಪಕ್ಕಕ್ಕೆ, ಸುಲಿದದ್ದನ್ನು ಹಾಕುವ ಬುಟ್ಟಿ ಇನ್ನೊಂದು ಪಕ್ಕಕ್ಕೆ. ಆದ್ದರಿಂದ ಬಾಗಿದ ಬೆನ್ನು ಬಾಗಿದಂತೆಯೇ ತಿರುಚಿಕೊಳ್ಳುತ್ತದೆ. ಕಾಫಿ ತೋಟದಲ್ಲಿ ಇದರ ಬೇರೊಂದು ರೂಪ. ಹಣ್ಣು ಬಿಡಿಸುವವರ ಕುತ್ತಿಗೆ ಮೇಲಕ್ಕೆತ್ತಿರುತ್ತದೆ, ಸೊಂಟಕ್ಕೆ ಕಟ್ಟಿದ ಚೀಲ ಮುಂದಕ್ಕೆ ಜಗ್ಗುತ್ತದೆ, ಸಂಜೆ ಆ ಮೂಟೆ ಹೊತ್ತು ದಿಣ್ಣೆ ಹತ್ತಬೇಕು. ಔಷಧಿ ಹೊಡೆಯುವವನ ಬೆನ್ನಿಗೆ 16 ಲೀಟರಿನ ಪಂಪು ಏರಿಸಿದರೆ ನೀರಿನ ತೂಕವೇ 16 ಕೆ.ಜಿ.

ನಮ್ಮ ಬೆನ್ನೆಲುಬಿನಲ್ಲಿ ಅಲುಗಾಡುವ ಮೂಳೆಗಳು 24. ಅವುಗಳಲ್ಲಿ ಹೆಚ್ಚಿನವುಗಳ ನಡುವೆ ಡಿಸ್ಕ್ ಎಂಬ ಮೆತ್ತನೆಯ ಬಿಲ್ಲೆಗಳಿವೆ. ಒಳಗೆ ಲೋಳೆಯಂಥ ತಿರುಳು, ಸುತ್ತ ನಾರಿನ ಪದರಗಳು. ಬೆಳೆದವರ ಡಿಸ್ಕಿನೊಳಗೆ ರಕ್ತನಾಳಗಳು ಇಲ್ಲವೆನ್ನುವಷ್ಟು ಕಡಿಮೆ. ಒತ್ತಡ ಬಿದ್ದಾಗ ನೀರು ಹೊರಕ್ಕೆ ಹಿಂಡಿ ಹೋಗುವುದು, ಒತ್ತಡ ತಗ್ಗಿದಾಗ ಒಳಕ್ಕೆ ಬರುವುದು, ಈ ಕ್ರಿಯೆ ಅದರ ಪೋಷಣೆಗೆ ಸಹಾಯಕ. ಕದಲದೆ ಕುಳಿತರೆ ಈ ಕ್ರಿಯೆ ಕುಂಠಿತವಾಗುತ್ತದೆ.

1999ರಲ್ಲಿ ಜರ್ಮನಿಯ ಉಲ್ಮ್ ನಗರದ ಸಂಶೋಧಕರು ಒಬ್ಬ ಸ್ವಯಂಸೇವಕನ ಸೊಂಟದ ಡಿಸ್ಕಿನೊಳಗೆ ಸಣ್ಣ ಮಾಪಕವನ್ನಿಟ್ಟು ಒತ್ತಡ ಅಳೆದ ವಿವರವನ್ನು ಪ್ರಕಟಿಸಿದರು. ಮಲಗಿದಾಗ 0.1 ಮೆಗಾಪಾಸ್ಕಲ್, ನಿಂತಾಗ 0.5, ಮುಂದಕ್ಕೆ ಬಾಗಿದಾಗ 1.1. ಬೆನ್ನು ಬಾಗಿಸಿ 20 ಕೆ.ಜಿ. ಭಾರವನ್ನು ಎತ್ತಿದಾಗ 2.3. ಇದು ಜೀಪಿನ ಟಯರಿನ ಗಾಳಿಯ ಒತ್ತಡಕ್ಕಿಂತ ಸುಮಾರು ಹತ್ತು ಪಟ್ಟು. ಅದೇ ಭಾರವನ್ನು ಮೊಣಕಾಲು ಮಡಚಿ ಎತ್ತಿದಾಗ 1.7, ಎದೆಗೆ ಒತ್ತಿ ಹಿಡಿದು ನಿಂತಾಗ 1.1. ಅಳತೆ ಒಬ್ಬನೇ ಮನುಷ್ಯನದು ಎಂಬುದನ್ನು ಮರೆಯಬಾರದು. ಆದರೂ ಭಾರ ಮೈಗೆ ಹತ್ತಿರವಿದ್ದಷ್ಟೂ ಹಗುರ ಎಂಬ ನಮ್ಮ ಹಿರಿಯ ಹಮಾಲರ ಮಾತಿಗೆ ಇದು ಲೆಕ್ಕದ ಆಧಾರ ಒದಗಿಸುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ಮಾಡಿದ ಶಿಫಾರಸಿನಂತೆ ಒಬ್ಬ ವಯಸ್ಕ ಗಂಡಸು ಹೊರಬಹುದಾದ ಗರಿಷ್ಠ ಭಾರ 55 ಕೆ.ಜಿ. ನಮ್ಮ ಅಡಿಕೆ ಮೂಟೆಗಳ ತೂಕ ಎಷ್ಟೆಂದು ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ ನನಗೆ ಇದಕ್ಕಿಂತಲೂ ಮುಖ್ಯವಾಗಿ ಕಂಡಿತು. ಬೆನ್ನನ್ನು ಪೂರ್ತಿ ಬಾಗಿಸಿ 20 ನಿಮಿಷ ಕುಳಿತರೆ ಮೂಳೆಗಳನ್ನು ಹಿಡಿದಿರುವ ನಾರುಗಳು, ಒದ್ದೆ ಹಗ್ಗ ಜಗ್ಗಿದಂತೆ, ಸಡಿಲವಾಗುತ್ತವೆ. ಎದ್ದು ನಿಂತ ಎರಡು ನಿಮಿಷದಲ್ಲಿ ಸುಮಾರು ಅರ್ಧದಷ್ಟು ಸರಿಯಾದರೂ, ಪೂರ್ತಿ ಮೊದಲಿನಂತಾಗಲು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೇಕೆಂದು ಕೆನಡಾದ ಮ್ಯಾಕ್‌ಗಿಲ್ ಎಂಬ ಸಂಶೋಧಕರು 1992ರಲ್ಲಿ ತೋರಿಸಿದರು. ನನಗೆ ಆದದ್ದು ಇದೇ ಇರಬೇಕು. ಎರಡು ಗಂಟೆ ಮಣೆಯ ಮೇಲೆ ಕುಳಿತಿದ್ದವನು ರಾತ್ರಿ ಊಟಕ್ಕೆ ಏಳುವಾಗ, ಹೇಗೂ ಎದ್ದೆನಲ್ಲ ಎಂದು ಸುಲಿದ ಅಡಿಕೆಯ ಡಬ್ಬವನ್ನು ಎತ್ತಿದೆ. ಎತ್ತಿದ್ದೊಂದೇ ಗೊತ್ತು. ಇಳಿಸಲು ಮಗ ಬರಬೇಕಾಯಿತು. ಆ ಡಬ್ಬ ನನಗೆ ಹೊಸದೇನೂ ಅಲ್ಲ, ಬೆಳಿಗ್ಗೆ ಅಂಥ ಹತ್ತು ಎತ್ತಿದ್ದೆ.

ಹಾಗೆಂದು ಇಂಥದೊಂದೇ ಭಂಗಿ ಸರಿ, ಉಳಿದವೆಲ್ಲ ತಪ್ಪು ಎಂದು ತಿಳಿಯುವುದೂ ಬೇಡ. ಗೂನು ಬೆನ್ನಿನವರು ಎಷ್ಟೋ ಮಂದಿ ನೋವಿಲ್ಲದೆ ಇದ್ದಾರೆ, ನೆಟ್ಟಗೆ ಕೂರುವವರಿಗೂ ನೋವು ಬರುತ್ತದೆ. ಕೆಟ್ಟದ್ದು ಭಂಗಿಗಿಂತ ಹೆಚ್ಚಾಗಿ ಅದನ್ನು ಬದಲಿಸದೆ ಇರುವುದು. ಸುಲಿಯುವವರು ಏಕೆ ಏಳುವುದಿಲ್ಲ? ಡಬ್ಬಕ್ಕೆ ಇಷ್ಟು, ಕೆ.ಜಿ.ಗೆ ಇಷ್ಟು ಎಂದು ಕೂಲಿ ಕಟ್ಟಿದವರು ನಾವು. ಎದ್ದು ನಿಂತ ಪ್ರತಿ ನಿಮಿಷವೂ ಅವರ ಕೈಯಿಂದ ಹೋಗುತ್ತದೆ.

ಇನ್ನು ಚಿಕಿತ್ಸೆಯ ವಿಚಾರ. ಉಳುಕು ತೆಗೆಯುವವರು ನಮ್ಮಲ್ಲಿ ಹೊಸಬರಲ್ಲ. ಹುಟ್ಟುವಾಗ ಕಾಲು ಮುಂದಾಗಿ ಬಂದವರಿಂದ ಸೊಂಟಕ್ಕೆ ಕಾಲು ತಾಗಿಸಿಕೊಳ್ಳುವ ರೂಢಿಯೂ ಇದೆ. (ನಾನೂ ತಾಗಿಸಿಕೊಂಡೆ. ನಗುವವರು ನಗಲಿ.) ಕೈರೋಪ್ರಾಕ್ಟಿಕ್ ಹುಟ್ಟಿದ್ದು ಅಮೆರಿಕದ ಅಯೋವಾ ರಾಜ್ಯದ ಡಾವೆನ್‌ಪೋರ್ಟ್ ಎಂಬ ಊರಿನಲ್ಲಿ, 1895ರಲ್ಲಿ. ಡೇನಿಯಲ್ ಡೇವಿಡ್ ಪಾಮರ್ ಎಂಬಾತ ಹಾರ್ವೆ ಲಿಲ್ಲಾರ್ಡ್ ಎಂಬ ಕಟ್ಟಡದ ನೌಕರನ ಬೆನ್ನಿನ ಮೂಳೆಯನ್ನು ಒತ್ತಿ, ಆತನ ಕಿವುಡುತನ ವಾಸಿಯಾಯಿತೆಂದು ಹೇಳಿಕೊಂಡ. ಬೆನ್ನೆಲುಬು ಜರುಗುವುದೇ ಬಹುಪಾಲು ರೋಗಗಳ ಮೂಲವೆಂದು ಪಾಮರನ ವಾದ. ಈ ವಾದಕ್ಕೆ ವಿಜ್ಞಾನದ ಆಧಾರ ದೊರೆತಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಉಬ್ಬಸಗಳನ್ನು ಬೆನ್ನು ಒತ್ತಿ ವಾಸಿಮಾಡುತ್ತೇವೆ ಎನ್ನುವವರನ್ನು ದೂರವಿಡುವುದೇ ಮೇಲು.

ಆದರೆ ಕೈಯಿಂದ ಬೆನ್ನಿನ ಕೀಲುಗಳನ್ನು ಒತ್ತಿ ಸಡಿಲಿಸುವ ಕ್ರಮವನ್ನು ಸೊಂಟನೋವಿನ ಮಟ್ಟಿಗೆ ಪರೀಕ್ಷಿಸಿ ನೋಡಿದ್ದಾರೆ. ಹೊಸದಾಗಿ ಬಂದ ಸೊಂಟನೋವಿನ ಬಗೆಗಿನ 26 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ಒಂದು ವರದಿ ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾಯಿತು. ಆರು ವಾರದೊಳಗೆ ನೋವು ನೂರಕ್ಕೆ ಸುಮಾರು ಹತ್ತು ಅಂಕದಷ್ಟು ಹೆಚ್ಚಾಗಿ ತಗ್ಗಿತ್ತು. ಚಿಕಿತ್ಸೆ ಪಡೆದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಮೈ ಬಿಗಿತ, ತಲೆನೋವಿನಂಥ ಸಣ್ಣ ತೊಂದರೆಗಳು ಬಂದು ಹೋಗಿದ್ದವು. ಲಾಭ ಇದೆ, ಆದರೆ ಸಣ್ಣದು. ಬಹುಕಾಲದ ಸೊಂಟನೋವಿಗೆ ಸಂಬಂಧಿಸಿ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವ್ಯಾಯಾಮ, ರೋಗಿಗೆ ತಿಳಿವಳಿಕೆ ಕೊಡುವುದು, ಅಂಗಮರ್ದನ ಇವುಗಳ ಜೊತೆಗೆ ಈ ಕೈಚಿಕಿತ್ಸೆಗೂ ಸ್ಥಾನವಿದೆ. ಔಷಧಿ ಅಂಗಡಿಯಿಂದ ನಾವು ತಂದು ಬಿಗಿಯುವ ಸೊಂಟಪಟ್ಟಿಯನ್ನೂ, ಭಾರ ಕಟ್ಟಿ ಎಳೆಯುವ ಟ್ರಾಕ್ಷನ್ನನ್ನೂ ಅದೇ ಮಾರ್ಗಸೂಚಿ ರೂಢಿಯ ಚಿಕಿತ್ಸೆಯಾಗಿ ಬಳಸಬಾರದೆನ್ನುತ್ತದೆ.

ಒತ್ತಿದಾಗ ಬರುವ 'ಟಕ್' ಶಬ್ದದ ಬಗ್ಗೆ ಒಂದು ಮಾತು. ಮೂಳೆ ತನ್ನ ಜಾಗಕ್ಕೆ ಬಂದು ಕುಳಿತ ಸದ್ದು ಅದಲ್ಲ. ಕೀಲಿನ ದ್ರವದಲ್ಲಿ ಒಮ್ಮೆಲೇ ಪೊಳ್ಳು ಉಂಟಾಗುವಾಗ ಆ ಸದ್ದು ಬರುತ್ತದೆಂದು 2015ರಲ್ಲಿ ಕೆನಡಾದ ಸಂಶೋಧಕರು ಬೆರಳಿನ ಕೀಲುಗಳ ಎಂ.ಆರ್.ಐ. ಚಿತ್ರ ತೆಗೆದು ಕಂಡುಕೊಂಡರು. ನೆಟಿಗೆ ಮುರಿದಂತೆಯೇ ಸರಿ. ಸದ್ದು ಬಂದರೆ ಗುಣ, ಬರದಿದ್ದರೆ ಹಣ ದಂಡ ಎಂದೇನೂ ಇಲ್ಲ.

ನನ್ನ ಅನುಭವವೂ ಹೆಚ್ಚುಕಡಿಮೆ ಇದೇ. ಮೊದಲ ದಿನ ಒತ್ತಿಸಿಕೊಂಡು ಬಂದಾಗ ಹೂವಿನಂತೆ ಹಗುರವಾಗಿತ್ತು. ಮೂರನೆಯ ದಿನ ನೋವು ಮರಳಿತು. ನಾಲ್ಕು ಸಲ ಹೋದೆ. ಕೊನೆಗೆ ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದು ಅಲ್ಲಿ ಹೇಳಿಕೊಟ್ಟ ಎರಡು ವ್ಯಾಯಾಮ ಮತ್ತು ದಿನವೂ ತೋಟದ ಸುತ್ತು ನಡೆದದ್ದು ಎಂದು ನನ್ನ ನಂಬಿಕೆ. ಹೆಚ್ಚಿನವರ ಸೊಂಟನೋವು ಏನೂ ಮಾಡದಿದ್ದರೂ ಕೆಲವು ವಾರಗಳಲ್ಲಿ ತಗ್ಗುತ್ತದೆಂದು ಡಾಕ್ಟರರು ಹೇಳಿದ್ದರಿಂದ, ಯಾವುದರಿಂದ ಎಷ್ಟು ಗುಣವಾಯಿತೆಂದು ಪಾಲು ಮಾಡಲು ನನ್ನಿಂದಾಗದು.

ಎಲ್ಲ ಸೊಂಟನೋವೂ ಹೀಗೆ ಮುಗಿಯುವುದಿಲ್ಲ. ನಮ್ಮ ಮನೆಗೆ ಸುಲಿಯಲು ಬರುತ್ತಿದ್ದ ಹೆಂಗಸೊಬ್ಬರು ಒಂದು ಸಂಜೆ, "ಅಯ್ಯ, ಸೊಂಟದ ನೋವು ಕಾಲಿಗೆ ಇಳಿದದೆ, ಪಾದ ಜೋಮು ಹಿಡಿದ ಹಾಗೆ ಆಗ್ತದೆ, ಚಪ್ಪಲಿ ಕಳಚಿದ್ರೂ ಗೊತ್ತಾಗೂದಿಲ್ಲ" ಎಂದರು. ಎಣ್ಣೆ ಕಾಯಿಸಿ ತಿಕ್ಕಿಸಿಕೊಳ್ಳಿ, ಉಳುಕು ಇರಬೇಕು ಎಂದು ಹೇಳಿ ಕಳಿಸಿದವನು ನಾನೇ. ಹತ್ತು ದಿನ ತಿಕ್ಕಿಸಿಕೊಂಡರು. ಒಬ್ಬರು ಬೆನ್ನು ಒತ್ತಿಯೂ ಕೊಟ್ಟರು. ಆಸ್ಪತ್ರೆ ಸೇರುವ ಹೊತ್ತಿಗೆ ಪಾದ ಎತ್ತಲಾಗುತ್ತಿರಲಿಲ್ಲ. ಡಿಸ್ಕ್ ಹೊರಚಾಚಿ ನರವನ್ನು ಒತ್ತಿತ್ತು. ಶಸ್ತ್ರಕ್ರಿಯೆಯಾಯಿತು, ನೋವು ಹೋಯಿತು. ಪಾದ ಮಾತ್ರ ಇಂದಿಗೂ ಎಳೆಯುತ್ತದೆ.

ಆದ್ದರಿಂದ ಇಷ್ಟನ್ನು ನೆನಪಿಡಬೇಕು. ಕಾಲಿನಲ್ಲಿ ಶಕ್ತಿ ಕುಂದುತ್ತ ಬಂದರೆ, ತೊಡೆಯ ಸಂದು ಮತ್ತು ಗುದದ ಸುತ್ತ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಅಥವಾ ಮಲಮೂತ್ರ ತಡೆಯಲಾಗದಿದ್ದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಜ್ವರದೊಡನೆ ಬಂದ ಬೆನ್ನುನೋವು, ಕಾರಣವಿಲ್ಲದೆ ಮೈ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದವರ ನೋವು, ಮರದಿಂದ ಬಿದ್ದ ಮೇಲಿನ ನೋವು, ಮೂಳೆ ಸವೆದ ವಯಸ್ಸಾದವರ ನೋವು, ಇವುಗಳಿಗೆ ಡಾಕ್ಟರರ ಪರೀಕ್ಷೆಯಾಗುವ ಮೊದಲು ಯಾರ ಕೈಯಿಂದಲೂ ಬೆನ್ನು ಒತ್ತಿಸಿಕೊಳ್ಳಬಾರದು. ಕುತ್ತಿಗೆಯನ್ನು ಥಟ್ಟನೆ ತಿರುಚುವುದನ್ನು ನಾನಂತೂ ಒಪ್ಪುವುದಿಲ್ಲ. ಅಪರೂಪಕ್ಕಾದರೂ, ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಬಡಿದದ್ದು ಇಂಥ ತಿರುಚುವಿಕೆಯ ಬಳಿಕ ವರದಿಯಾಗಿದೆ. ಹೋಗುವುದೇ ಆದರೆ ಮೊದಲು ಡಾಕ್ಟರರಿಗೆ ತೋರಿಸಿ, ಒತ್ತುವವರು ಎಲ್ಲಿ ಎಷ್ಟು ವರ್ಷ ಕಲಿತವರೆಂದು ವಿಚಾರಿಸಿ. ತಿಂಗಳುಗಟ್ಟಲೆ ಬರಬೇಕು, ಮುಂಗಡ ಕಟ್ಟಿ ಎಂದರೆ ಎದ್ದು ಬನ್ನಿ. ಪದವಿ ಪಡೆದ ಫಿಸಿಯೋಥೆರಪಿಯವರಲ್ಲೂ ಈ ಕೈಚಿಕಿತ್ಸೆ ಬಲ್ಲವರಿದ್ದಾರೆ, ವ್ಯಾಯಾಮವನ್ನೂ ಅವರೇ ಹೇಳಿಕೊಡುತ್ತಾರೆ.

ಈಗ ನಮ್ಮ ಮನೆಯಲ್ಲಿ ಮಾಡಿಕೊಂಡ ಬದಲಾವಣೆ. ಮೆಟ್ಟುಕತ್ತಿಯ ಮಣೆಗಳನ್ನು ಬಡಗಿಯಿಂದ ಗೇಣೆತ್ತರದ ಹಲಗೆಗೆ ಕೂರಿಸಿ, ಕೂರಲು ಅದಕ್ಕೆ ಸರಿಯಾದ ಎತ್ತರದ ಪೀಠ ಮಾಡಿಸಿದೆವು. ರಾಶಿ ಮತ್ತು ಬುಟ್ಟಿ ಎರಡೂ ಮುಂದಕ್ಕೆ ಬಂದವು. ಅರ್ಧ ಗಂಟೆಗೊಮ್ಮೆ ನನ್ನ ಸೊಸೆ ತಟ್ಟೆ ಬಡಿಯುತ್ತಾಳೆ, ಎಲ್ಲರೂ ಎದ್ದು ಸೊಂಟಕ್ಕೆ ಕೈಕೊಟ್ಟು ಹಿಂದಕ್ಕೆ ಬಾಗಿ, ಅಂಗಳದಲ್ಲಿ ಎರಡು ಸುತ್ತು ಬರಬೇಕು. ಎದ್ದ ಕೂಡಲೇ ಯಾರೂ ಡಬ್ಬ ಎತ್ತಕೂಡದು. ಅದನ್ನು ಸಾಗಿಸುವವನು ಬೇರೆ, ಅವನು ಕುಳಿತು ಸುಲಿಯುವವನಲ್ಲ. ಮೊದಲ ವಾರ ಹೆಂಗಸರು ನಕ್ಕರು, ಬಳಿಕ ಕೂಲಿ ಕಡಿಮೆಯಾದೀತೆಂದು ಗೊಣಗಿದರು. ಆ ನಿಮಿಷಗಳ ಬಾಬ್ತು ದಿನಕ್ಕೆ ಒಂದಿಷ್ಟು ಸೇರಿಸಿ ಕೊಡುವುದೆಂದು ಒಪ್ಪಂದವಾಯಿತು. ಸುಗ್ಗಿ ಮುಗಿದ ಮೇಲೆ ಡಬ್ಬದ ಲೆಕ್ಕ ತೆಗೆದರೆ ಹಿಂದಿನ ವರ್ಷಕ್ಕಿಂತ ಇಳಿದದ್ದು ಕಾಣಲಿಲ್ಲ. ಒಂದೇ ಮನೆಯ ಒಂದೇ ವರ್ಷದ ಲೆಕ್ಕ ಇದು. ಬೇರೆ ಸದಸ್ಯರೂ ಮಾಡಿ ನೋಡಿ ತಮ್ಮ ಲೆಕ್ಕವನ್ನು ಈ ಪತ್ರಿಕೆಗೆ ಬರೆದರೆ ಚೆನ್ನ. ಹಲಗೆಯ ಅಳತೆ ಬೇಕಾದವರು ಮನೆಗೆ ಬಂದು ನೋಡಿಕೊಂಡು ಹೋಗಬಹುದು, ಸುಲಿತದ ದಿನಗಳಲ್ಲಿ ಬಂದರೆ ಅನುಕೂಲ.