ಗಾಜಿನ ಉಣ್ಣೆ: ಬಿಸಿ ಅನಿಲ ಎಳೆಯುವ ನೂಲು

ವಿದ್ಯಾರ್ಥಿಗಳೇ, ಉಣ್ಣೆ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಕುರಿಯಿಂದ ಎಂದು ಥಟ್ಟನೆ ಹೇಳುತ್ತೀರಿ. ಆದರೆ ಗಾಜಿನಿಂದಲೂ ಉಣ್ಣೆ ತಯಾರಿಸುತ್ತಾರೆ! ಕೈಜಾರಿದರೆ ಚೂರಾಗುವ ಗಾಜು ಹತ್ತಿಯಂತೆ ಹಗುರಾಗುವುದು ಹೇಗೆ? ನೋಡೋಣ ಬನ್ನಿ.

ಪ್ರಕೃತಿಯಲ್ಲಿ ಮೊದಲೇ ಇತ್ತು

ಹವಾಯಿ ದ್ವೀಪದ ಕಿಲಾವೆಯಾ ಜ್ವಾಲಾಮುಖಿಯಿಂದ ಲಾವಾರಸ ಕಾರಂಜಿಯಂತೆ ಚಿಮ್ಮುತ್ತದೆ. ಚಿಮ್ಮಿದ ಹನಿಗಳು ಗಾಳಿಯಲ್ಲಿ ಎಳೆಯಲ್ಪಟ್ಟು, ಬೇಗನೆ ತಣಿದು, ಹೊಂಬಣ್ಣದ ಗಾಜಿನ ಎಳೆಗಳಾಗುತ್ತವೆ. ಅಲ್ಲಿನ ಜನರ ಜ್ವಾಲಾಮುಖಿ ದೇವತೆಯ ಹೆಸರಿನಿಂದ ಇವನ್ನು 'ಪೆಲೆಯ ಕೂದಲು' ಎನ್ನುತ್ತಾರೆ.

ಆಕಸ್ಮಿಕವಾಗಿ ಸಿಕ್ಕ ವಿಧಾನ

1932ರಲ್ಲಿ ಅಮೆರಿಕದ ಡೇಲ್ ಕ್ಲೈಸ್ಟ್ ಎಂಬ ಸಂಶೋಧಕರು ಗಾಜಿನ ಇಟ್ಟಿಗೆಗಳನ್ನು ಬೆಸೆಯಲು ಪ್ರಯತ್ನಿಸುತ್ತಿದ್ದರು. ಆಗ ರಭಸದ ಗಾಳಿ ಕರಗಿದ ಗಾಜಿಗೆ ಬಡಿಯಿತು. ಬೇಕಾದ ಬೆಸುಗೆ ಆಗಲಿಲ್ಲ. ಬದಲಿಗೆ ಗಾಜಿನ ಸಣ್ಣ ಎಳೆಗಳು ಹಾರಿದವು! ಅವರು ಅದನ್ನು ಕಸವೆಂದು ಬಿಡಲಿಲ್ಲ. ಗಾಳಿಯ ಬದಲು ಬಿಸಿ ಉಗಿ ಹಾಯಿಸಿದಾಗ ಎಳೆಗಳು ಇನ್ನೂ ತೆಳುವಾದವು.

ಇಂದಿನ ಯಂತ್ರ ಹೀಗಿದೆ

1. ಮರಳು, ಸೋಡಾ, ಸುಣ್ಣಕಲ್ಲು ಮತ್ತು ಹಳೆಯ ಗಾಜಿನ ಚೂರುಗಳನ್ನು ಕುಲುಮೆಯಲ್ಲಿ ಸುಮಾರು 1400 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗಿಸುತ್ತಾರೆ.

2. ಕರಗಿದ ಗಾಜು ವೇಗವಾಗಿ ತಿರುಗುವ ಲೋಹದ ಬಟ್ಟಲಿಗೆ ಬೀಳುತ್ತದೆ. ಬಟ್ಟಲಿನ ಅಂಚಿನ ಗೋಡೆಯಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ. ಜಾತ್ರೆಯ ಬಾಂಬೆ ಮಿಠಾಯಿ ಯಂತ್ರದಲ್ಲಿ ಸಕ್ಕರೆ ಪಾಕ ಸಿಡಿಯುವಂತೆ ಗಾಜು ಆ ರಂಧ್ರಗಳಿಂದ ಹೊರಬರುತ್ತದೆ.

3. ಬಟ್ಟಲಿನ ಸುತ್ತ ಮೇಲಿನಿಂದ ರಭಸವಾಗಿ ಬರುವ ಬಿಸಿ ಅನಿಲ ಈ ಎಳೆಗಳನ್ನು ಕೆಳಕ್ಕೆ ಜಗ್ಗುತ್ತದೆ. ಎಳೆಗಳು ನಮ್ಮ ಕೂದಲಿನ ಸುಮಾರು ಹತ್ತನೇ ಒಂದು ಭಾಗದಷ್ಟು ತೆಳುವಾಗುತ್ತವೆ.

4. ಅಂಟು ಸಿಂಪಡಿಸಿದ ಎಳೆಗಳು ಚಲಿಸುವ ಪಟ್ಟಿಯ ಮೇಲೆ ಬಿದ್ದು ಹಾಸಿಗೆಯಂತೆ ಶೇಖರವಾಗುತ್ತವೆ.

ಅನಿಲ ಬಿಸಿಯಾಗಿಯೇ ಇರಬೇಕೇಕೆ?

ಬೆಲ್ಲದ ಪಾಕ ಬಿಸಿಯಾಗಿದ್ದಾಗ ಎಳೆ ಬರುತ್ತದೆ. ಆರಿ ಗಟ್ಟಿಯಾದ ಮೇಲೆ ಜಗ್ಗಿದರೆ ಮುರಿಯುತ್ತದೆ. ಗಾಜೂ ಹಾಗೆಯೇ. ತೆಳುವಾದ ಎಳೆ ಕ್ಷಣದಲ್ಲಿ ತಣಿಯುತ್ತದೆ. ಬಿಸಿ ಅನಿಲ ಅದನ್ನು ಜಗ್ಗುವುದಷ್ಟೇ ಅಲ್ಲ, ಜಗ್ಗಿ ಮುಗಿಯುವವರೆಗೆ ಮೆತ್ತಗೂ ಇಡುತ್ತದೆ.

ಶಾಖವನ್ನು ತಡೆಯುವವರು ಯಾರು?

ಉಗಿ ಹರಿಯುವ ಕೊಳವೆಗಳಿಗೆ ಗಾಜಿನ ಉಣ್ಣೆ ಹೊದಿಸುತ್ತಾರೆ. ಆದರೆ ಶಾಖವನ್ನು ತಡೆಯುವ ಮುಖ್ಯ ಕೆಲಸ ಗಾಜಿನದಲ್ಲ! ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯದು. ಗಾಳಿ ಉಷ್ಣದ ದುರ್ಬಲ ವಾಹಕ. ಅದು ಅತ್ತಿತ್ತ ಸುಳಿದಾಡಿ ಶಾಖ ಸಾಗಿಸದಂತೆ ಎಳೆಗಳು ಹಿಡಿದಿಡುತ್ತವೆ. ಕಂಬಳಿ ನಮ್ಮನ್ನು ಬೆಚ್ಚಗಿಡುವುದೂ ಇದೇ ಕಾರಣದಿಂದ.

ಮಾಡಿ ನೋಡಿ

ಒಂದೇ ಅಳತೆಯ ಮೂರು ಸ್ಟೀಲ್ ಲೋಟ ತೆಗೆದುಕೊಳ್ಳಿ. ಒಂದನ್ನು ಹಾಗೆಯೇ ಬಿಡಿ. ಎರಡನೆಯದಕ್ಕೆ ಒಂದು ಹಿಡಿ ಹತ್ತಿಯನ್ನು ಸಡಿಲವಾಗಿ ಸುತ್ತಿ. ಮೂರನೆಯದಕ್ಕೆ ಅಷ್ಟೇ ಹತ್ತಿಯನ್ನು ಸುತ್ತಿ, ದಾರದಿಂದ ಬಿಗಿಯಾಗಿ ಕಟ್ಟಿ. ಮೂರಕ್ಕೂ ಸಮಪ್ರಮಾಣದ ಬಿಸಿನೀರನ್ನು ಶಿಕ್ಷಕರಿಂದ ಹಾಕಿಸಿ, ಮುಚ್ಚಿಡಿ. 20 ನಿಮಿಷದ ನಂತರ ಪ್ರಯೋಗಾಲಯದ ಉಷ್ಣತಾಮಾಪಕದಿಂದ ಅಳೆಯಿರಿ. ಯಾವ ನೀರು ಹೆಚ್ಚು ಬಿಸಿಯಾಗಿದೆ? ಹತ್ತಿ ಅಷ್ಟೇ ಇದ್ದರೂ ವ್ಯತ್ಯಾಸವೇಕೆ? ಚರ್ಚಿಸಿ.

ಎಚ್ಚರಿಕೆ: ಗಾಜಿನ ಉಣ್ಣೆ ಎಲ್ಲಾದರೂ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಅದರ ಎಳೆಗಳು ಚರ್ಮಕ್ಕೆ ಚುಚ್ಚಿ ತುರಿಕೆ ತರುತ್ತವೆ.